ವೈನ್‌ಗೆ ನೂರಕ್ಕೆ ಎಷ್ಟು ಮಾರ್ಕು? ಸಣ್ಣ ಬೆಳೆಗಾರರಿಗೆ ಇಲ್ಲಿದೆ ಪಾಠ

ಕಾಫಿ, ದ್ರಾಕ್ಷಿ ಬೆಳೆಯುವ ಯುವ ಗೆಳೆಯರು ಈಗೀಗ ನನ್ನನ್ನು ಕೇಳೋದು ಒಂದೇ ಪ್ರಶ್ನೆ: "ನಮ್ಮ ಮಾಲಿಗೆ ಒಳ್ಳೆ ಸ್ಕೋರ್ ಬಂದ್ರೆ ಬೆಲೆ ಏರುತ್ತಾ?" ಏರಬಹುದು. ಆದರೆ ಆ ಸ್ಕೋರನ್ನು ಎಷ್ಟು ನಂಬಬೇಕು ಅನ್ನೋದಕ್ಕೆ ವೈನ್ ಲೋಕದ ಅನುಭವ ನೋಡಿ.

ಅಮೆರಿಕದ ಮೇರಿಲ್ಯಾಂಡ್‌ನ ವಕೀಲ ರಾಬರ್ಟ್ ಪಾರ್ಕರ್ 1978ರಲ್ಲಿ 'ದಿ ವೈನ್ ಅಡ್ವೊಕೇಟ್' ಪತ್ರಿಕೆ ಶುರು ಮಾಡಿದರು. ಜಾಹೀರಾತು ಇಲ್ಲ, ಚಂದಾ ಹಣವೇ ಆಧಾರ. ಅವರ ಲೆಕ್ಕ ಹೀಗಿತ್ತು: ಪ್ರತಿ ವೈನ್‌ಗೂ ಮೊದಲೇ 50 ಅಂಕ, ಮೇಲೆ ಬಣ್ಣಕ್ಕೆ 5, ಪರಿಮಳಕ್ಕೆ 15, ರುಚಿಗೆ 20, ಒಟ್ಟು ಗುಣಮಟ್ಟಕ್ಕೆ 10. ಶಾಲೆ ಮಾರ್ಕಿನಂತೆ ಯಾರಿಗೂ ಅರ್ಥವಾಗುತ್ತಿತ್ತು. ಅಂಗಡಿಯವರು ಬಾಟಲಿ ಪಕ್ಕದಲ್ಲೇ ಅಂಕ ಬರೆದಿಟ್ಟು ಮಾರತೊಡಗಿದರು.

ಸಣ್ಣವರಿಗೆ ಲಾಭ

ಫ್ರಾನ್ಸ್‌ನ ಸೇಂಟ್ ಎಮಿಲಿಯೋನ್‌ನಲ್ಲಿ ಜಾನ್ ಲುಕ್ ಥುನೆವಿನ್ ದಂಪತಿ 1989ರಲ್ಲಿ ಕೊಂಡದ್ದು 0.6 ಹೆಕ್ಟೇರ್, ಅಂದರೆ ಒಂದೂವರೆ ಎಕರೆ. ಹೆಸರಿಲ್ಲ, ಮನೆತನವಿಲ್ಲ. ಗೊಂಚಲು ಕಡಿಮೆ ಮಾಡಿ, ಕೈಯಿಂದಲೇ ಕಾಳು ಬಿಡಿಸಿ 1991ರಲ್ಲಿ ಮೊದಲ ವೈನ್ ತೆಗೆದರು. 'ವಾಲಾಂಡ್ರೋ' ಎಂಬ ಅವರ ವೈನ್‌ಗೆ ಪಾರ್ಕರ್ ಹೆಚ್ಚು ಅಂಕ ಕೊಟ್ಟ ಮೇಲೆ ಬೆಲೆ ಗಗನಕ್ಕೇರಿತು. 2012ರಲ್ಲಿ ಅದು ಆ ಊರಿನ ಉನ್ನತ ದರ್ಜೆಯ ಪಟ್ಟಿಗೂ ಸೇರಿತು.

ಇನ್ನೊಂದು ಮುಖ

ಪಾರ್ಕರ್‌ಗೆ ಚೆನ್ನಾಗಿ ಮಾಗಿದ ಹಣ್ಣಿನ, ಗಾಢವಾದ ವೈನ್ ಇಷ್ಟ ಅಂತ ಎಲ್ಲರಿಗೂ ಗೊತ್ತಾಯ್ತು. ಹಲವರು ಕೊಯ್ಲು ತಡ ಮಾಡಿದರು, ಹೊಸ ಓಕ್ ಪೀಪಾಯಿಗೆ ದುಡ್ಡು ಸುರಿದರು. ಬೇರೆ ಬೇರೆ ಮಣ್ಣಿನ ವೈನ್‌ಗಳೂ ಒಂದೇ ರುಚಿ ಬರತೊಡಗಿದವು ಎಂಬ ದೂರು ಎದ್ದಿತು. ಪಾರ್ಕರ್ 2019ರಲ್ಲಿ ನಿವೃತ್ತರಾದರು. ಬಳ್ಳಿ ನೆಟ್ಟವರು ಮಾತ್ರ ತೋಟದಲ್ಲೇ ಇದ್ದಾರೆ.

ತೀರ್ಪುಗಾರರನ್ನೇ ಪರೀಕ್ಷಿಸಿದವರೂ ಒಬ್ಬ ಸಣ್ಣ ವೈನ್ ತಯಾರಕರೇ. ಕ್ಯಾಲಿಫೋರ್ನಿಯಾದ ರಾಬರ್ಟ್ ಹಾಡ್ಜ್‌ಸನ್, ರಾಜ್ಯ ಮೇಳದ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ಗೊತ್ತಾಗದಂತೆ ಮೂರು ಸಲ ಕೊಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಸುಮಾರು ಹತ್ತರಲ್ಲಿ ಒಬ್ಬರು!

ನಾವೇನು ಮಾಡಬೇಕು?

ಕಾಫಿಗೂ ನೂರರ ಲೆಕ್ಕವೇ. ಕಪ್ಪಿಂಗ್‌ನಲ್ಲಿ 80 ಮುಟ್ಟಿದ್ದನ್ನು ಸ್ಪೆಷಾಲಿಟಿ ಅಂತಾರೆ. 79 ಬಂತು ಅಂತ ಕುಗ್ಗಬೇಡಿ, 84 ಬಂತು ಅಂತ ಸಾಲ ಮಾಡಿ ಹೊಸ ಯಂತ್ರ ತರಬೇಡಿ.

• ಅಂಕದ ಜೊತೆ ಬರಹದಲ್ಲಿ ಕಾರಣ ಕೇಳಿ. "ಹುಳಿ ಹೆಚ್ಚು, ಒಣಗಿಸುವಾಗ ವಾಸನೆ ಸೇರಿದೆ" ಅಂದರೆ ತಿದ್ದಿಕೊಳ್ಳಬಹುದು. ಬರೀ ಸಂಖ್ಯೆಯಿಂದ ಏನನ್ನೂ ತಿದ್ದಲಾಗದು.
• ಒಂದೇ ಲಾಟ್ ಅನ್ನು ಎರಡು ಬೇರೆ ನಂಬರ್ ಹಾಕಿ ಕಳಿಸಿ. ಎರಡು ಅಂಕಗಳ ನಡುವಿನ ಅಂತರವೇ ಆ ನಾಲಿಗೆಯ ಅಳತೆ.
• ಕನಿಷ್ಠ ಇಬ್ಬರಿಂದ ರುಚಿ ನೋಡಿಸಿ. ಇಬ್ಬರೂ ಹೇಳಿದ ದೋಷವನ್ನು ಮೊದಲು ಸರಿಪಡಿಸಿ.
• ಒಬ್ಬರ ಮೆಚ್ಚುಗೆ ನಂಬಿ ತಳಿ ಬದಲಿಸಬೇಡಿ. ಗಿಡ ದಶಕಗಳ ಕಾಲ ಇರುತ್ತೆ, ಮಾರುಕಟ್ಟೆಯ ರುಚಿ ಅಷ್ಟು ದಿನ ಇರಲ್ಲ.

ಹೊಸ ಗಿರಾಕಿ ಒಳಗೆ ಬರಲು ಸ್ಕೋರ್ ಬಾಗಿಲು ತೆಗೆಯುತ್ತೆ. ಮುಂದಿನ ವರ್ಷವೂ ಅವರು ಬರಬೇಕಾದ್ರೆ ಮಾಲು ಅದೇ ಗುಣಮಟ್ಟದಲ್ಲಿರಬೇಕು. ಅದು ನಮ್ಮ ಕೈಲಿದೆ.