ಹಾಯಿದೋಣಿಯ ತಿರುವು

ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಸಾಗಲಾರದು. ಆದುದರಿಂದ ಅದು ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತ ಮುಂದುವರಿಯಬೇಕು. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ಮಕ್ಕಳಿಗಾಗಿ ರಚಿಸಿದ ‘ಆಪ್ಟಿಮಿಸ್ಟ್’ ಎಂಬ ಒಂಟಿಹಾಯಿಯ ಪುಟ್ಟ ದೋಣಿಯಲ್ಲಿ ಇಂದಿಗೂ ಅನೇಕ ದೇಶಗಳ ಬಾಲಕರು ಈ ತಿರುವುಗಳನ್ನು ಗುಂಪಾಗಿ ಅಭ್ಯಸಿಸುತ್ತಾರೆ.

ಎದುರುಗಾಳಿಯಲ್ಲಿ ತಿರುಗಿಸಿದರೆ ಹಾಯಿಯು ಸಡಿಲಗೊಂಡು ಮಗ್ಗುಲು ಬದಲಿಸುತ್ತದೆ. ಬೆನ್ನುಗಾಳಿಯಲ್ಲಾದರೋ ಹಾಯಿಯ ಕೆಳಂಚಿನ ಅಡ್ಡಮರವು ರಭಸದಿಂದ ಬೀಸಿಬರುವುದು. ತಲೆ ತಗ್ಗಿಸದವನಿಗೆ ಪೆಟ್ಟು ಬೀಳುವುದು, ಒಮ್ಮೊಮ್ಮೆ ದೋಣಿಯೂ ಮಗುಚುವುದು.

ಎರಡು ದೋಣಿಗಳ ದಾರಿ ಅಡ್ಡಬಂದಾಗ, ಎಡಗಡೆಯಿಂದ ಗಾಳಿ ಪಡೆಯುತ್ತಿರುವುದು ಬಲಗಡೆಯಿಂದ ಪಡೆಯುತ್ತಿರುವುದಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಆದಕಾರಣ ಕೈ ಚುಕ್ಕಾಣಿಯ ಮೇಲಿದ್ದರೂ ಕಣ್ಣು ನೆರೆದೋಣಿಗಳ ಮೇಲಿರಬೇಕು. ಈ ಎಚ್ಚರವನ್ನು ಒಂಟಿಯಾಗಿ ಕಲಿಯುವುದು ಸಾಧ್ಯವಿಲ್ಲ.