ಕಿಂಗ್‌ಸ್ಟನ್ ಮತ್ತು ಓವಲ್

1974ರ ನವೆಂಬರ್‌ನಲ್ಲಿ ಬೆಂಗಳೂರು ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಕಂಡಿತು. ಇಂದು ನಾವು ಚಿನ್ನಸ್ವಾಮಿ ಕ್ರೀಡಾಂಗಣವೆಂದು ಕರೆಯುವ ಮೈದಾನದ ಕಟ್ಟಡದ ಕೆಲಸ ಆಗಿನ್ನೂ ಪೂರ್ತಿಯಾಗಿರಲಿಲ್ಲ. ನನಗಾಗ ಹನ್ನೆರಡು ವರ್ಷ. ತಂದೆಯವರೊಂದಿಗೆ ಒಂದು ದಿನದ ಆಟ ನೋಡುವ ಅವಕಾಶ ಸಿಕ್ಕಿತ್ತು. ವೆಸ್ಟ್ ಇಂಡೀಸ್ ನಾಯಕನಾಗಿ ಕ್ಲೈವ್ ಲಾಯ್ಡ್‌ಗೆ ಅದು ಮೊದಲ ಪಂದ್ಯ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಟೆಸ್ಟ್ ಅಂಗಳಕ್ಕೆ ಕಾಲಿಟ್ಟಿದ್ದೂ ಅಲ್ಲಿಯೇ. ಗ್ರೀನಿಜ್ 93 ಮತ್ತು 107 ರನ್ ಹೊಡೆದರೆ, ಲಾಯ್ಡ್ ಎರಡನೇ ಇನಿಂಗ್ಸ್‌ನಲ್ಲಿ 163 ಗಳಿಸಿದರು. ಭಾರತ 267 ರನ್‌ಗಳಿಂದ ಸೋತಿತು. ಆದರೆ ರಿಚರ್ಡ್ಸ್ ಮಾತ್ರ ನಮ್ಮ ಚಂದ್ರಶೇಖರ್ ಎಸೆತಕ್ಕೆ ಎರಡು ಸಲವೂ ಬಲಿಯಾಗಿ 4 ಮತ್ತು 3 ರನ್‌ಗೆ ಹಿಂತಿರುಗಿದ್ದರು. 'ಈ ಹುಡುಗ ಬಹಳ ದಿನ ಉಳಿಯೋದಿಲ್ಲ' ಎಂದು ತಂದೆಯವರು ತೀರ್ಪಿತ್ತರು. ಮುಂದಿನ ದೆಹಲಿ ಟೆಸ್ಟ್‌ನಲ್ಲಿ ಆ ಹುಡುಗ ಅಜೇಯ 192 ರನ್ ಹೊಡೆದ. ಆ ತೀರ್ಪಿನ ಪ್ರಸ್ತಾಪ ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

1980ರಿಂದ 1995ರವರೆಗೆ ಒಂದೇ ಒಂದು ಟೆಸ್ಟ್ ಸರಣಿಯನ್ನೂ ಸೋಲದ ಆ ತಂಡದ ಬಗ್ಗೆ ಹಳಬರು ಮಾತಿಗೆ ಕುಳಿತಾಗಲೆಲ್ಲ ಒಂದು ಆಕ್ಷೇಪ ಎದ್ದೇ ಏಳುತ್ತದೆ: ಅದು ಕ್ರಿಕೆಟ್ ಆಗಿರಲಿಲ್ಲ, ಭಯೋತ್ಪಾದನೆಯಾಗಿತ್ತು. ಈ ಆಕ್ಷೇಪವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಕಾರಣ, ಕಿಂಗ್‌ಸ್ಟನ್.

1976ರ ಏಪ್ರಿಲ್. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಮೂವರು ಸ್ಪಿನ್ನರ್‌ಗಳನ್ನು ಆಡಿಸಿದ ಲಾಯ್ಡ್, ಭಾರತಕ್ಕೆ 403 ರನ್‌ಗಳ ಗುರಿ ನೀಡಿದ್ದರು. ಗಾವಸ್ಕರ್ ಮತ್ತು ವಿಶ್ವನಾಥ್ ಶತಕ ಬಾರಿಸಿದರು. ಭಾರತ ಬರೀ ನಾಲ್ಕು ವಿಕೆಟ್ ಕಳೆದುಕೊಂಡು ಗೆದ್ದಿತು. ಆ ಅವಮಾನದಲ್ಲಿ ಲಾಯ್ಡ್‌ಗೆ ಸ್ಪಿನ್ ಮೇಲಿದ್ದ ನಂಬಿಕೆ ಸುಟ್ಟುಹೋಯಿತು. ಮುಂದಿನ ಪಂದ್ಯ ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್‌ನಲ್ಲಿ. ಹೆಲ್ಮೆಟ್ ಇಲ್ಲದ ಕಾಲವದು. ಅಂಶುಮಾನ್ ಗಾಯಕವಾಡ್ 81 ರನ್ ಗಳಿಸಿದ್ದಾಗ ಕಿವಿಗೆ ಚೆಂಡಿನ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ವಿಶ್ವನಾಥರ ಬೆರಳು ಮುರಿಯಿತು. ಬ್ರಿಜೇಶ್ ಪಟೇಲ್ ಬಾಯಿಗೆ ಪೆಟ್ಟು ಬಿತ್ತು. ತನ್ನನ್ನೂ ಚಂದ್ರಶೇಖರರನ್ನೂ ಈ ದಾಳಿಗೆ ಒಡ್ಡಲೊಲ್ಲದ ನಾಯಕ ಬೇಡಿ, 6 ವಿಕೆಟ್‌ಗೆ 306 ರನ್ ಆಗಿದ್ದಾಗಲೇ ಡಿಕ್ಲೇರ್ ಮಾಡಿಕೊಂಡರು. ಎರಡನೇ ಇನಿಂಗ್ಸ್ 97 ರನ್‌ಗೆ ಮುಗಿಯಿತು. ಬಿದ್ದದ್ದು ಐದೇ ವಿಕೆಟ್, ಉಳಿದ ಐವರ ಹೆಸರಿನ ಮುಂದೆ 'ಗಾಯಾಳು, ಗೈರು'. ವೆಸ್ಟ್ ಇಂಡೀಸ್ ಹತ್ತು ವಿಕೆಟ್‌ಗಳಿಂದ ಗೆದ್ದಿತೆಂದು ದಾಖಲೆ ಹೇಳುತ್ತದೆ. ತಂದೆಯವರು ಅದನ್ನು ಗೆಲುವೆಂದು ಕೊನೆಯವರೆಗೂ ಒಪ್ಪಲಿಲ್ಲ. ಮೂವರು ಕನ್ನಡಿಗರು ಏಟು ತಿಂದಿದ್ದ ಪಂದ್ಯವಾದ್ದರಿಂದ ಅವರೊಂದಿಗೆ ವಾದಿಸುವ ಧೈರ್ಯ ನನಗಿರಲಿಲ್ಲ. ಧೈರ್ಯ ಬಂದದ್ದು ಅದೇ ಆಗಸ್ಟ್‌ನಲ್ಲಿ.

ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್, ಸರಣಿಗೆ ಮೊದಲು, ಈ ತಂಡವನ್ನು ಮಣ್ಣಿನಲ್ಲಿ ತೆವಳಿಸುವುದಾಗಿ ಕೊಚ್ಚಿಕೊಂಡಿದ್ದರು. ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಬೆಳೆದ ಬಿಳಿಯನ ಬಾಯಲ್ಲಿ ಆ ಮಾತು ಎಷ್ಟು ವಿಷವಾಗಿ ಕೇಳಿಸಿರಬೇಕು! ಕೊನೆಯ ಟೆಸ್ಟ್ ಓವಲ್‌ನಲ್ಲಿ. ಬರಗಾಲಕ್ಕೆ ಸಿಕ್ಕಿದ ಆ ಬೇಸಿಗೆಯಲ್ಲಿ ಮೈದಾನ ಒಣಗಿ ಕಂದಾಗಿತ್ತು, ಪಿಚ್ ಸತ್ತು ಮಲಗಿತ್ತು. ರಿಚರ್ಡ್ಸ್ 291 ಹೊಡೆದರೆ, ಇಂಗ್ಲೆಂಡಿನ ಡೆನಿಸ್ ಏಮಿಸ್ 203. ಬೌಲರ್‌ಗಳ ಪಾಲಿಗೆ ಏನೂ ಉಳಿಯದ ಅಲ್ಲಿ ಮೈಕೆಲ್ ಹೋಲ್ಡಿಂಗ್ 149 ರನ್‌ಗೆ 14 ವಿಕೆಟ್ ಕಿತ್ತರು. ನಾನು ಮತ್ತೆ ಮತ್ತೆ ನೋಡುವುದು ಆ ವಿಕೆಟ್‌ಗಳ ವಿವರವನ್ನು: ಒಂಬತ್ತು ಬೌಲ್ಡ್, ಮೂರು ಎಲ್‌ಬಿಡಬ್ಲ್ಯು. ಪುಟಿಯದ ಪಿಚ್‌ನಲ್ಲಿ ಮೈಗೆ ಗುರಿಯಿಟ್ಟು ಪ್ರಯೋಜನವಿರಲಿಲ್ಲ. ಗಾಳಿಯಲ್ಲಿನ ವೇಗ ಮತ್ತು ಸ್ಟಂಪ್‌ಗೆ ನೇರವಾದ ಗುರಿ, ಇವೆರಡೇ ಬಂಡವಾಳ. ಗ್ರೆಗ್ ಎರಡೂ ಇನಿಂಗ್ಸ್‌ನಲ್ಲಿ ಬೌಲ್ಡ್. ಪಂದ್ಯದ ನಡುವೆ ಅವರು ಕೆರಿಬಿಯನ್ ಪ್ರೇಕ್ಷಕರೆದುರು ನಾಲ್ಕು ಹೆಜ್ಜೆ ತೆವಳಿ ತಮ್ಮ ಮಾತನ್ನು ತಾವೇ ನುಂಗಿದರು. (ಅಷ್ಟು ದೊಡ್ಡತನ ಅವರಿಗಿತ್ತು ಎನ್ನಬೇಕು.) ಕಿಂಗ್‌ಸ್ಟನ್‌ನಲ್ಲಿ ನಮ್ಮವರನ್ನು ಹೊಡೆದ ಅದೇ ಹೋಲ್ಡಿಂಗ್, ನಾಲ್ಕು ತಿಂಗಳೊಳಗೆ, ಯಾರ ಮೂಳೆಯನ್ನೂ ಮುರಿಯದೆ ತನ್ನ ಶ್ರೇಷ್ಠ ಪಂದ್ಯವನ್ನಾಡಿದ್ದರು. ಭಯವೇ ಆ ತಂಡದ ಏಕೈಕ ಆಯುಧವೆನ್ನುವವರಿಗೆ ನನ್ನ ಉತ್ತರ ಇದೊಂದೇ.

1984ರ ಲಾರ್ಡ್ಸ್ ಗೆಲುವನ್ನೂ ಬಿಡಲಾಗದು. ಡೇವಿಡ್ ಗವರ್ ಕೊನೆಯ ದಿನ ಬೆಳಿಗ್ಗೆ ಡಿಕ್ಲೇರ್ ಮಾಡಿ 342 ರನ್‌ಗಳ ಗುರಿಯೊಡ್ಡಿದರು. ಬೆಂಗಳೂರಿನಲ್ಲಿ ನಾನು ಕಂಡಿದ್ದ ಗ್ರೀನಿಜ್ ಅಜೇಯ 214. ಹೇನ್ಸ್ ರನೌಟ್ ಆದದ್ದನ್ನು ಬಿಟ್ಟರೆ ಬೇರೆ ವಿಕೆಟ್ ಬೀಳಲಿಲ್ಲ. ಸರಣಿ 5–0. ನಮ್ಮ ಮನೆಯ ರೇಡಿಯೊ ಮುಂದೆ ತಂದೆಯವರು 'ಇದು ಆಟ' ಎಂದರು, ಅಷ್ಟೆ.

2024ರ ಜನವರಿಯಲ್ಲಿ, ಆ ವೈಭವದ ನೆರಳೂ ಉಳಿಯದ ಕಾಲದಲ್ಲಿ, ಬ್ರಿಸ್ಬೇನ್‌ನ ಆಟವನ್ನು ನಾನೊಬ್ಬನೇ ನೋಡಿದೆ. ಗಯಾನಾದ ಕುಗ್ರಾಮವೊಂದರಿಂದ ಬಂದ ಶಮಾರ್ ಜೋಸೆಫ್, ಹಿಂದಿನ ದಿನ ಕಾಲ್ಬೆರಳಿಗೆ ಪೆಟ್ಟು ತಿಂದವನು, 68 ರನ್‌ಗೆ 7 ವಿಕೆಟ್ ಪಡೆದು ಆಸ್ಟ್ರೇಲಿಯಾವನ್ನು ಎಂಟು ರನ್‌ಗಳಿಂದ ಕೆಡವಿದ. ವೀಕ್ಷಕ ವಿವರಣೆಯ ಕೊಠಡಿಯಲ್ಲಿ ಬ್ರಯನ್ ಲಾರಾ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊನೆಯ ವಿಕೆಟ್ ಹೇಜಲ್‌ವುಡ್‌ರದು. ಬೌಲ್ಡ್.