ಹಳೆಯ ಪೈಪಿನೊಳಗೆ ಹುಟ್ಟುವ ಹೊಸ ಪೈಪು

ಮನೆಯ ಕೊಳಚೆ ನೀರು ಹೊರಗಿನ ಚೇಂಬರ್ ಸೇರುವ ಲೈನು ನೆಲದಡಿ ಒಡೆಯಿತೆಂದರೆ ಹಾರೆ, ಗುದ್ದಲಿ ಹಿಡಿಯುವುದೊಂದೇ ದಾರಿ ಎಂದು ನೂರಾರು ವರ್ಷ ಎಲ್ಲರೂ ನಂಬಿದ್ದರು. ಅಂಗಳದ ಕಲ್ಲು ಕೀಳಬೇಕು, ಅಜ್ಜ ನೆಟ್ಟ ಮಾವಿನ ಬುಡ ಅಗೆಯಬೇಕು, ಕೆಲವೊಮ್ಮೆ ಅಡುಗೆಮನೆಯ ನೆಲವನ್ನೇ ಒಡೆಯಬೇಕು. ಪೈಪಿಗಿಂತ ಅದರ ಮೇಲಿದ್ದದ್ದನ್ನು ಮತ್ತೆ ಕಟ್ಟುವ ಖರ್ಚೇ ದೊಡ್ಡದು. ಈ ನಂಬಿಕೆಯನ್ನು ಅಲುಗಾಡಿಸಿದ ಕೆಲಸ ನಡೆದದ್ದು 1971ರಲ್ಲಿ, ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ತಿನ ಸದಸ್ಯರನ್ನೇ ಕಂಗೆಡಿಸಿತ್ತು. ಆ ಬಳಿಕ ಎಂಜಿನಿಯರ್ ಜೋಸೆಫ್ ಬಜಾಲ್ಜೆಟ್ ಲಂಡನ್ನಿಗೆ ಇಟ್ಟಿಗೆಯ ಒಳಚರಂಡಿ ಜಾಲವನ್ನು ಕಟ್ಟಿಸಿದರು. ಅದು ಚೆನ್ನಾಗಿಯೇ ಬಾಳಿತು. ಆದರೆ ನೂರು ವರ್ಷ ಕಳೆಯುವ ಹೊತ್ತಿಗೆ ಆ ಕಾಲದ ಚರಂಡಿಗಳಲ್ಲಿ ಇಟ್ಟಿಗೆಯ ನಡುವಿನ ಗಾರೆ ಸವೆಯತೊಡಗಿತು. ಮೇಲೆ ರಸ್ತೆ, ಮನೆ, ಅಂಗಡಿ ಎಲ್ಲ ಎದ್ದು ನಿಂತಿದ್ದವು. ಅಗೆಯುವುದೆಂದರೆ ಊರನ್ನೇ ಅಗೆದಂತೆ.

ಎರಿಕ್ ವುಡ್ ಎಂಬ ಎಂಜಿನಿಯರ್ ಇದಕ್ಕೊಂದು ಉಪಾಯ ಹೂಡಿದರು. ದಪ್ಪ ಫೆಲ್ಟ್ ಬಟ್ಟೆಯ ಉದ್ದನೆಯ ಕೊಳವೆ ಹೊಲಿಸಿ, ಅದಕ್ಕೆ ದ್ರವರೂಪದ ಪಾಲಿಯೆಸ್ಟರ್ ರಾಳ ಕುಡಿಸಿ, ಹ್ಯಾಕ್ನಿಯ ಸುಮಾರು 70 ಮೀಟರ್ ಉದ್ದದ ಚರಂಡಿಯೊಳಗೆ ಎಳೆಸಿದರು. ಗಾಳಿ ತುಂಬಿದಾಗ ಬಟ್ಟೆ ಉಬ್ಬಿ ಇಟ್ಟಿಗೆಗೆ ಒತ್ತಿಕೊಂಡಿತು. ರಾಳ ಗಟ್ಟಿಯಾದ ಮೇಲೆ ಹಳೆಯ ಚರಂಡಿಯೊಳಗೆ ಬೆಸುಗೆಯಿಲ್ಲದ ಹೊಸ ಪೈಪು ನಿಂತಿತ್ತು. ಒಡೆದದ್ದನ್ನು ತೆಗೆದು ಬಿಸಾಡಬೇಕಿಲ್ಲ, ಅದನ್ನೇ ಅಚ್ಚು ಮಾಡಿಕೊಂಡರೆ ಸಾಕು ಎಂಬ ಈ ಯೋಚನೆ ನನಗೆ ಆ ಶತಮಾನದ ದೊಡ್ಡ ಎಂಜಿನಿಯರಿಂಗ್ ಯೋಚನೆಗಳಲ್ಲಿ ಒಂದಾಗಿ ಕಾಣುತ್ತದೆ. ಇಪ್ಪತ್ತು ವರ್ಷಗಳ ನಂತರ ಅದೇ ಕೊಳವೆಯ ತುಂಡು ತೆಗೆದು ಪರೀಕ್ಷಿಸಿದಾಗಲೂ ಅದರ ಗಟ್ಟಿತನ ಉಳಿದಿತ್ತು.

ಎಳೆದು ಹಾಕುವುದರಲ್ಲಿ ಒಂದು ತೊಡಕಿತ್ತು. ಒದ್ದೆ ಬಟ್ಟೆ ಉದ್ದಕ್ಕೂ ಗೋಡೆಗೆ ಉಜ್ಜುತ್ತಿತ್ತು, ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ವುಡ್ ಇದಕ್ಕೂ ಪರಿಹಾರ ಕಂಡರು. ರವಿಕೆಯ ತೋಳನ್ನು ಒಳಮೈ ಹೊರಮೈ ಮಾಡುವಂತೆ, ಕೊಳವೆಯ ಬಾಯಿಯನ್ನು ಒಂದೆಡೆ ಕಟ್ಟಿ ಹಿಂದಿನಿಂದ ನೀರಿನ ಒತ್ತಡ ಕೊಟ್ಟರೆ ಅದು ತನ್ನೊಳಗಿಂದಲೇ ಮಗುಚುತ್ತ ಮುಂದೆ ಸಾಗುತ್ತದೆ. ಹೊರಗಿದ್ದ ನುಣುಪು ಪ್ಲಾಸ್ಟಿಕ್ ಪದರ ಒಳಗೆ ಬರುತ್ತದೆ, ಒಳಗಿದ್ದ ರಾಳ ಹಳೆಯ ಗೋಡೆಗೆ ತಾಗಿ ಬಿರುಕುಗಳಿಗೆ ಇಳಿಯುತ್ತದೆ. ಏನೂ ಉಜ್ಜುವುದಿಲ್ಲ. ಆಮೇಲೆ ಅದೇ ನೀರನ್ನು ಕಾಯಿಸಿದರೆ ರಾಳ ಕೆಲವು ಗಂಟೆಗಳಲ್ಲಿ ಕಲ್ಲಾಗುತ್ತದೆ.

ವುಡ್ ಮತ್ತು ಜೊತೆಗಾರರು ಕಟ್ಟಿದ ಇನ್‌ಸಿಟುಫಾರ್ಮ್ ಕಂಪನಿ ಈ ವಿದ್ಯೆಯನ್ನು ಅಮೆರಿಕಕ್ಕೆ ಒಯ್ದಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ 12 ಇಂಚಿನ ಲೈನಿನಲ್ಲಿ ಅಲ್ಲಿನ ಮೊದಲ ಕೆಲಸ ನಡೆಯಿತು, ಮರುವರ್ಷ ಅಮೆರಿಕದ ಪೇಟೆಂಟ್ ಸಿಕ್ಕಿತು. ಮೂಲ ಪೇಟೆಂಟಿನ ಅವಧಿ 1994ರಲ್ಲಿ ಮುಗಿದಾಗ ಬೇರೆ ಕಂಪನಿಗಳೂ ಕಣಕ್ಕಿಳಿದವು.

ಊರಿನ ದೊಡ್ಡ ಚರಂಡಿಗೆ ಒಪ್ಪಿದ್ದು ಮನೆಯ ಲೈನಿಗೆ ತಕ್ಷಣ ಒಪ್ಪಲಿಲ್ಲ. ಮನೆಯ ಪೈಪು ನಾಲ್ಕೋ ಆರೋ ಇಂಚಿನದು, ತಿರುವು ಜಾಸ್ತಿ, ಒಳಗಿಳಿಯಲು ಮ್ಯಾನ್‌ಹೋಲ್ ಇಲ್ಲ. ಆದರೆ ಕಾಯಿಲೆ ಇರುವುದೂ ಅಲ್ಲೇ. ಹಳೆಯ ಮಣ್ಣಿನ ಪೈಪುಗಳಲ್ಲಿ ಎರಡು ಮೂರು ಅಡಿಗೊಂದು ಜಾಯಿಂಟು, ಪ್ರತಿ ಜಾಯಿಂಟಿನಲ್ಲೂ ತೇವ ಹುಡುಕಿ ಬರುವ ಬೇರು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸ್ಟೋನ್‌ವೇರ್ ಪೈಪಿನ ಯುಜಿಡಿ (ಒಳಚರಂಡಿ) ಲೈನ್ ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ಇನ್ನೂ ಒಂದು ಪೀಡೆಯಿತ್ತು. ಎರಡನೇ ಮಹಾಯುದ್ಧದ ನಂತರ ಅವಸರದಲ್ಲಿ ಎದ್ದ ಮನೆಗಳಿಗೆ ಮರದ ತಿರುಳು ಮತ್ತು ಡಾಂಬರಿನಂಥ ಅಂಟು ಸೇರಿಸಿ ಮಾಡಿದ ಆರೆಂಜ್‌ಬರ್ಗ್ ಪೈಪು ಹಾಕಿದ್ದರು. ಅಗ್ಗ, ಹಗುರ, ಗರಗಸದಲ್ಲಿ ಕೊಯ್ಯಬಹುದು. ಕೆಲವು ದಶಕಗಳಲ್ಲಿ ಅದು ಬೊಬ್ಬೆಯೆದ್ದು, ಮಣ್ಣಿನ ಭಾರಕ್ಕೆ ಚಪ್ಪಟೆಯಾಗತೊಡಗಿತು. ಅಲ್ಲಿನ ಬಹಳಷ್ಟು ಊರುಗಳಲ್ಲಿ ಮನೆಯಿಂದ ಬೀದಿಯ ಮುಖ್ಯ ಲೈನಿನವರೆಗಿನ ಪೈಪು ಮನೆಯವರದೇ ಹೊಣೆ. ಅಗೆಯದೆ ರಿಪೇರಿ ಮಾಡುವವರಿಗೆ ಗಿರಾಕಿಗಳು ಸಿಕ್ಕಿದ್ದು ಹೀಗೆ.

ಇಂದು ಕೆಲಸ ಶುರುವಾಗುವುದು ಕ್ಯಾಮೆರಾದಿಂದ. ಕೇಬಲ್ಲಿನ ತುದಿಯ ಪುಟ್ಟ ಕ್ಯಾಮೆರಾ ಒಳಗೆ ಹೋಗಿ ಬಿರುಕು, ಬೇರು, ಕುಸಿತ ತೋರಿಸುತ್ತದೆ. ಜೋರು ನೀರಿನ ಜೆಟ್ಟಿನಿಂದ ಬೇರು, ಜಿಡ್ಡು ಕಿತ್ತು ತೊಳೆಯುತ್ತಾರೆ. ರಾಳ ಕುಡಿಸಿದ ಕೊಳವೆಯನ್ನು ಡ್ರಮ್ಮಿನಲ್ಲಿ ಸುತ್ತಿ, ಗಾಳಿಯ ಒತ್ತಡದಿಂದ ಮಗುಚುತ್ತ ಒಳಗೆ ನುಗ್ಗಿಸುತ್ತಾರೆ. ಬಿಸಿನೀರು, ಹಬೆ ಅಥವಾ ನೇರಳಾತೀತ ಬೆಳಕು ಅದನ್ನು ಗಟ್ಟಿ ಮಾಡುತ್ತದೆ. ಬದಿಯ ಪೈಪುಗಳ ಬಾಯಿ ಮುಚ್ಚಿಹೋಗಿದ್ದರೆ ರೋಬಾಟ್ ಕಟರ್ ಒಳಗಿನಿಂದಲೇ ಕೊರೆದು ತೆರೆಯುತ್ತದೆ.

ಎಲ್ಲಕ್ಕೂ ಇದು ಮದ್ದಲ್ಲ. ಪೂರ್ತಿ ಕುಸಿದ ಪೈಪಿನಲ್ಲಿ ಕೊಳವೆ ದಾಟಲಾರದು. ಇಳಿಜಾರು ಕೆಟ್ಟು ನಡುವೆ ನೀರು ನಿಲ್ಲುವ ಲೈನಿಗೆ ಈ ಕೊಳವೆ ಹಾಕಿದರೆ ಹೊಸ ಪೈಪೂ ಅದೇ ಡೊಂಕಿನಲ್ಲಿ ಕೂರುತ್ತದೆ. ಕ್ಯಾಮೆರಾದ ವಿಡಿಯೋ ನೋಡದೆ ದರ ಹೇಳುವವರನ್ನು ನಂಬಬಾರದು ಎನ್ನುವುದು ಇದಕ್ಕೇ. ಕುಸಿದ ಲೈನಿಗೆ ಇನ್ನೊಂದು ವಿಧಾನವಿದೆ. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಹಳೆಯ ಬೀಡುಕಬ್ಬಿಣದ ಗ್ಯಾಸ್ ಪೈಪು ಬದಲಿಸಲು ಹುಟ್ಟಿದ್ದು ಇದು. ಎರಡು ತುದಿಯಲ್ಲಿ ಗುಂಡಿ ತೋಡಿ, ಉಕ್ಕಿನ ಶಂಕುವೊಂದನ್ನು ಹಗ್ಗದಿಂದ ಎಳೆಯುತ್ತಾರೆ. ಅದು ಹಳೆಯ ಪೈಪನ್ನು ಒಡೆದು ಚೂರುಗಳನ್ನು ಸುತ್ತಲಿನ ಮಣ್ಣಿಗೆ ಒತ್ತುತ್ತ, ಬೆನ್ನಹಿಂದೆ ಹೊಸ ಪಾಲಿಥೀನ್ ಪೈಪು ಎಳೆದು ತರುತ್ತದೆ.

ಅಂಗಳ ಉಳಿಯಿತೆಂಬ ಸಂತೋಷದಲ್ಲಿ ಒಂದು ಮಾತು ಮರೆಯಬಾರದು. ಈ ಕೆಲಸದಲ್ಲಿ ಬಳಸುವ ಬಹಳಷ್ಟು ರಾಳಗಳಲ್ಲಿ ಸ್ಟೈರೀನ್ ಎಂಬ ರಾಸಾಯನಿಕವಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನ, ಹಬೆಯಿಂದ ಕಾಯಿಸುವಾಗ ಏಳುವ ಬಿಳಿ ಹೊಗೆ ಬರೀ ನೀರಾವಿಯಲ್ಲ, ಅದರಲ್ಲಿ ಸ್ಟೈರೀನ್ ಮತ್ತಿತರ ರಾಸಾಯನಿಕಗಳಿವೆ ಎಂದು ತೋರಿಸಿತು. ಮೊದಲು ಅದನ್ನು ಉಸಿರಾಡುವವರು ಅಲ್ಲಿ ನಿಂತು ಕೆಲಸ ಮಾಡುವವರೇ. ಅವರಿಗೆ ಸರಿಯಾದ ಮಾಸ್ಕ್ ಕೊಡದ ಗುತ್ತಿಗೆದಾರನಿಗೆ ಕೆಲಸ ಕೊಡಬಾರದು. ಬೀದಿಯಲ್ಲಿ ಕೆಲಸ ನಡೆಯುವ ದಿನ ಬಚ್ಚಲಿನ ಟ್ರ್ಯಾಪ್ ಒಣಗಿದ್ದರೆ ವಾಸನೆ ಮನೆಯೊಳಗೂ ಬರುತ್ತದೆ, ಒಂದೆರಡು ಚೆಂಬು ನೀರು ಸುರಿದಿಡಬೇಕು. ಮನೆಯ ಲೈನಿಗೆ ಸ್ಟೈರೀನ್ ಇಲ್ಲದ ಎಪಾಕ್ಸಿ ರಾಳವೂ ಸಿಗುತ್ತದೆ. ದರ ಹೆಚ್ಚು, ನನ್ನ ಮನೆಯ ಲೈನಾದರೆ ಅದನ್ನೇ ಹಾಕಿಸುತ್ತೇನೆ.